ದಿಲ್ಲಿ ಇಲ್ಲೇ ಅದೆ

ಮಳವಳ್ಳಿಯ ಮಹದೇವಯ್ಯ ಹುಟ್ಟಿದಂದಿನಿಂದ ವಿಮಾನ ಹತ್ತಿದವನಲ್ಲ, ಹತ್ತಿರದಿಂದ ಕಂಡವನೂ ಅಲ್ಲ. ಆದರೆ ದಿಲ್ಲಿಯಲ್ಲಿ ಕೆಲಸಕ್ಕಿದ್ದ ಹೊಳಲಿನ ಹುಡುಗ ರಾಮಲಿಂಗು ಇವನ ಮಗಳು ಇಂದ್ರಮ್ಮನನ್ನು ಹೆಣ್ಣು ನೋಡಲು ಬೆಂಗಳೂರಿನವರೆಗೆ ವಿಮಾನದಲ್ಲೇ ಬರುತ್ತಾನೆಂದು ತಿಳಿದದ್ದೇ ತಡ, ವಿಮಾನವನ್ನು ತಾನೇ ಹೆತ್ತವನಂತೆ ಬೀಗತೊಡಗಿದ.

"ಅಷ್ಟು ದೂರಕ್ಕೆ ಕೊಟ್ರೆ ಬಾಣಂತನಕ್ಕೆ ಕರ್ಕಂಬರೋದೆಂಗೆ?" ಎಂದಳು ಹೆಂಡತಿ ದೇವಿರಮ್ಮ.

"ನಿಂಗೇನ್ ಗೊತ್ತು? ಸಾವ್ರ ಮೈಲಿ ಮೇಲದೆ, ನಿಜ. ಬೆಳಿಗ್ಗೆ ಕುಂತ್ರೆ ಸಂಜೀಕೆ ಬೆಂಗ್ಳೂರು. ದಿಲ್ಲಿ ಇಲ್ಲೇ ಅದೆ ಕಣೆ, ಇಲ್ಲೇ!"

ಪಕ್ಕದ ಮನೆಯ ಮರಿತಾಯಮ್ಮ ಗೋಡೆಯಾಚೆಯಿಂದ ತಲೆ ತೂರಿಸಿದಳು. "ಮದ್ದೂರು ಟೇಸನ್ನಿಂದ ಕರ್ಕಂಬರಕ್ಕೆ ನಮ್ ಗಾಡಿ ತಕಂಡೋಗಣ್ಣ."

"ಆಕಾಸದಾಗೆ ಬಂದೋನ್ನ ಎತ್ತಿನ ಬಾಲದ ಹಿಂದೆ ಕೂರಿಸ್ಲಾ?" ಎಂದು ಮಹದೇವಯ್ಯ ಮೂಗು ಮುರಿದ.

ಬಸ್ಸೇ ಬೇಕಿತ್ತು ಆ ಮಹಾನುಭಾವನಿಗೆ. ಎರಡನೇ ಮಹಾಯುದ್ಧ ಮುಗಿದರೂ ಪೆಟ್ರೋಲಿಗೆ ರೇಷನ್ ಮುಗಿದಿರಲಿಲ್ಲ. ನಜೀರ್ ಅಹ್ಮದನ ಬಸ್ಸು ಬೆನ್ನಿಗೆ ದೊಡ್ಡ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿತ್ತು. ಗಂಡು ಬರುವ ದಿನ ಬೆಳಿಗ್ಗೆ ಖಾಲಿ ಇದ್ದದ್ದರಿಂದ ಹೇಗೋ ಮಹದೇವಯ್ಯನನ್ನು ಮದ್ದೂರು ಮುಟ್ಟಿಸಿತು. ರೈಲಿನಿಂದ ಬಿಳಿ ಸೂಟಿನ ರಾಮಲಿಂಗು ಇಳಿದ. ಮರಳಿ ಹೊರಡುವಾಗ ಒಳಗೆ ಜನ, ಮೇಲೆ ಬೆಲ್ಲದ ಮೂಟೆ.

ಮೊದಲ ಏರಿನಲ್ಲೇ ಬಸ್ಸು ಕೆಮ್ಮಿ ನಿಂತಿತು.

"ಎಲ್ರೂ ಇಳೀರಿ, ನೂಕ್ಬೇಕು," ಎಂದ ನಜೀರ್.

ಗಂಡೂ ಇಳಿದ, ನೂಕಿದ. ಪಕ್ಕದಲ್ಲಿ ನೂಕುತ್ತಿದ್ದ ಚಿಕ್ಕಣ್ಣನೆಂಬ ರೈತ, "ಸಂಬ್ಳ ಎಸ್ಟು ಬುದ್ದೀ? ಅಲ್ಲಿ ಮುದ್ದೆ ಸಿಕ್ತದಾ?" ಎಂದು ವಿಚಾರಣೆಗೆ ತೊಡಗಿದ. ಅಷ್ಟು ಹೊತ್ತೂ ಮಹದೇವಯ್ಯ ಬದಿಯಲ್ಲಿ ನಡೆಯುತ್ತ, ವಿಮಾನ ಎಷ್ಟು ವೇಗವಾಗಿ ಹೋಗುತ್ತದೆಂದು ಅದರಲ್ಲೇ ಬಂದವನಿಗೆ ವಿವರಿಸುತ್ತಿದ್ದ.

ಎರಡನೆಯ ಏರಿನಲ್ಲಿ ಒಲೆಯೇ ಆರಿತು. ನಜೀರ್ ಬೇಡ ಬೇಡವೆಂದರೂ ಕೇಳದೆ ಮಹದೇವಯ್ಯ ಮುಚ್ಚಳ ತೆಗೆದು ಒಲೆಗೆ ಗಾಳಿ ಊದುವ ಚಕ್ರದ ಹಿಡಿಯನ್ನು ಗರಗರ ತಿರುಗಿಸಿದ. ಒಲೆಯೊಳಗಿದ್ದ ಬೂದಿಯೆಲ್ಲ ಬಿಳಿ ಸೂಟಿನ ಮೇಲೆ ಕೂತಿತು. ಬೆಂಕಿ ಮಾತ್ರ ಹತ್ತಲಿಲ್ಲ. ಹೊತ್ತು ನೆತ್ತಿಗೇರಿ ಇಳಿಯಿತು. ಪ್ರಯಾಣಿಕರು ಹೊಂಗೆ ಮರದಡಿ ಮಲಗಿ ಗೊರಕೆ ಹೊಡೆದರು.

"ಮಳವಳ್ಳಿ ಇನ್ನೆಷ್ಟು ದೂರ?" ರಾಮಲಿಂಗು ಕೇಳಿದ.

"ಇಲ್ಲೇ ಅದೆ, ಇಲ್ಲೇ!" ಎಂದ ಮಹದೇವಯ್ಯ.

ಬೈಗಿನ ಹೊತ್ತಿಗೆ ಅವನು ಮಸಿ ಮೂತಿ ಹೊತ್ತುಕೊಂಡು ಒಬ್ಬನೇ ಮನೆಗೆ ಬಂದ. ಒಬ್ಬಟ್ಟು ಮಾಡಿಟ್ಟು ಕಾದಿದ್ದ ದೇವಿರಮ್ಮ ಎದ್ದು ನಿಂತಳು.

"ಗಂಡೆಲ್ಲಿ?"

"ಎದುರಿಗೆ ಬಂದ ಎತ್ತಿನ ಗಾಡಿ ಅತ್ಕಂಡು ಮದ್ದೂರಿಗೆ ವಾಪಸ್ ಓದ. ಸಂಬಂಧ ಬ್ಯಾಡ್ವಂತೆ."

"ಅಯ್ಯೋ! ಯಾಕಂತೆ?"

"ಬಾಳ ದೂರ ಆಯ್ತದಂತೆ."

"ಬಡ್ಕಂಡೆ ನಾನು, ದಿಲ್ಲಿ ದೂರ ಅಂತ!"

"ದಿಲ್ಲಿ ಅಲ್ಲ ಕಣೆ," ಎಂದ ಮಹದೇವಯ್ಯ, ಪೇಟದಿಂದ ಮುಖದ ಮಸಿ ಒರೆಸಿಕೊಳ್ಳುತ್ತ. "ಮಳವಳ್ಳಿ."