ಕ್ಯಾನ್ಸರ್ ಕೋಶ ಮಹಾಶಯರಲ್ಲಿ ಉಪವಾಸದ ಬಿನ್ನಹ

ಮಾನ್ಯರೇ,

ಪ್ರಯೋಗಾಲಯದ ಬೆಚ್ಚನೆಯ ಪೆಟ್ಟಿಗೆಯೊಳಗೆ, ಚಪ್ಪಟೆ ಸೀಸೆಯ ತಳಕ್ಕೆ ಅಂಟಿಕೊಂಡು ಸಪರಿವಾರ ಸುಖವಾಗಿರುವ ಸ್ತನ ಕ್ಯಾನ್ಸರ್ ಕೋಶಗಳಾದ ತಮ್ಮ ಸನ್ನಿಧಾನಕ್ಕೆ, ತಮ್ಮ ಅಡುಗೆಯವಳೂ ಬಡಿಸುವವಳೂ ಆದ ಈ ಸಂಶೋಧಕಿಯ ನಮಸ್ಕಾರಗಳು. ತಮ್ಮ ಕ್ಷೇಮ ವಿಚಾರಿಸುವ ಅಗತ್ಯವಿಲ್ಲ. ಬೆಳಿಗ್ಗೆಯೇ ಸೂಕ್ಷ್ಮದರ್ಶಕದಲ್ಲಿ ನೋಡಿ ಹೊಟ್ಟೆ ಉರಿಸಿಕೊಂಡಿದ್ದೇನೆ.

ಮೊದಲು ತಮ್ಮ ಸಂಸಾರ ನಡೆಸುವ ಜಾಣ್ಮೆಯನ್ನು ಹೊಗಳಬೇಕು. ತಮ್ಮ ಬಳಗದಲ್ಲೇ ಉಗ್ರರೆಂದು ಹೆಸರಾದ ತಾವು ಸಕ್ಕರೆಯಿಂದ ಸ್ವಂತ ಕೊಬ್ಬು ತಯಾರಿಸುತ್ತೀರಿ, ಅದು ಸಾಲದೆಂದು ನೆರೆಯ ಕೊಬ್ಬಿನ ಕೋಶಗಳನ್ನು ಪುಸಲಾಯಿಸಿ ಅವರ ಉಗ್ರಾಣಕ್ಕೂ ಕೈ ಹಾಕುತ್ತೀರಿ, ಹೆಚ್ಚಾದದ್ದನ್ನು ಪುಟ್ಟ ಹನಿಗಳಾಗಿ ಒಡಲೊಳಗೇ ಕೂಡಿಟ್ಟು ಕಷ್ಟಕಾಲಕ್ಕೆ ಉರಿಸಿಕೊಳ್ಳುತ್ತೀರಿ, ಅದರಲ್ಲೇ ಹುಟ್ಟುವ ಮಕ್ಕಳಿಗೆ ಮೈಸುತ್ತ ಪೊರೆಯ ಗೋಡೆಯನ್ನೂ ಕಟ್ಟಿಕೊಡುತ್ತೀರಿ. ಇಂಥ ಅಚ್ಚುಕಟ್ಟು ನಮ್ಮ ವಂಶದಲ್ಲಿ ಯಾರಿಗೂ ಬರಲಿಲ್ಲ; ಅಮ್ಮ ತಮ್ಮನ್ನು ಕಂಡಿದ್ದರೆ ದಿನಕ್ಕೊಮ್ಮೆ ತಮ್ಮ ಹೆಸರು ಹೇಳಿ ನನ್ನನ್ನು ಮೂದಲಿಸುತ್ತಿದ್ದರು.

ಈಗ ದೂರಿಗೆ ಬರುತ್ತೇನೆ. ನನ್ನ ಅಕ್ಕನ ಎದೆಯಲ್ಲಿ ತಮ್ಮದೇ ಬಗೆಯವರು ಬಿಡಾರ ಹೂಡಿದ್ದಾರೆ. ಚಿಕಿತ್ಸೆ ಶುರುವಾದ ಮೇಲೆ ಅವಳಿಗೆ ನೀರು ಕೂಡ ತುಕ್ಕಿನ ರುಚಿ. ಊಟದ ವಾಸನೆ ಬಂದರೆ ಮುಖ ಆಚೆ ತಿರುಗಿಸುತ್ತಾಳೆ. ಮನೆಯಲ್ಲಿ ಅವಳಿಗೊಂದು ತುತ್ತು ಉಣ್ಣಿಸಲಾಗದ ನಾನು ಇಲ್ಲಿಗೆ ಬಂದು ತಮಗೆ ಹದವಾಗಿ ಬೆಚ್ಚಗೆ ಮಾಡಿದ ಊಟ ಬಡಿಸಬೇಕು, ತಾವು ಹೊಟ್ಟೆ ತುಂಬ ಉಂಡು ಉಂಡ ಮನೆಯ ಜಂತೆ ಎಣಿಸಬೇಕು. ಇದು ನನಗೆ ಸಹಿಸಲಾಗುತ್ತಿಲ್ಲ.

ಆದ್ದರಿಂದಲೇ ಹೋದ ವಾರ ತಮಗೆ ಉಪವಾಸ ವಿಧಿಸಿದ್ದೆ. ಊಟದಿಂದ ಕೊಬ್ಬನ್ನೆಲ್ಲ ಸೋಸಿ ತೆಗೆದು, ತಾವೇ ಕೊಬ್ಬು ಮಾಡಿಕೊಳ್ಳುವ ಒಲೆಯನ್ನೂ ಔಷಧಿಯಿಂದ ಆರಿಸಿದ್ದೆ. ಶನಿವಾರದ ಹೊತ್ತಿಗೆ ತಾವು ಸೊರಗಿ, ಹನಿಗಳು ಕರಗಿ, ಕೆಲವರಂತೂ ತಳ ಬಿಟ್ಟು ತೇಲತೊಡಗಿದ್ದಿರಿ. ಕುಣಿಯುತ್ತ ಮನೆಗೆ ಹೋಗಿ ಅಕ್ಕನಿಗೆ ಹೇಳಿಯೂಬಿಟ್ಟೆ.

ಆದರೆ ನಮ್ಮಲ್ಲೊಂದು ಪದ್ಧತಿ: ಭಾನುವಾರ ಸರದಿಯವರು ಬಂದು ಎಲ್ಲರ ಸೀಸೆಗಳನ್ನೂ ನೋಡಿ ಹಸಿದವಕ್ಕೆ ಊಟ ಹಾಕಬೇಕು. ಅಂದಿನ ಸರದಿ, ಕೋಶಗಳನ್ನು ಬದುಕಿಸುವುದರಲ್ಲೇ ತಲೆ ನೆರೆಸಿಕೊಂಡ, ನಾವೆಲ್ಲ ಅನ್ನದಾತರೆಂದು ಕರೆಯುವ ಹಿರಿಯ ಸಹೋದ್ಯೋಗಿಯದು. ಸೀಸೆಯ ಮೇಲೆ 'ಊಟ ಹಾಕಬೇಡಿ' ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ಮರುದಿನ ಕೇಳಿದರೆ, "ಓದ್ದೆ ಕಣಮ್ಮ. ಆದ್ರೆ ಪಾಪ, ಸಾಯೋ ಹಾಗಿದ್ವು, ಕೈ ತಡೀಲಿಲ್ಲ," ಎಂದರು. ಔಷಧಿ ಬೆರೆತ ಹಳೆಯದನ್ನು ಚೆಲ್ಲಿ, ಕೊಬ್ಬು ತುಂಬಿದ ಹೊಸ ಊಟ ಹಾಕಿ, ಮುಚ್ಚಳವನ್ನೂ ಒರೆಸಿಟ್ಟಿದ್ದರು. ಸೋಮವಾರ ತಮ್ಮಲ್ಲಿ ಕೆಲವರಿಗೆ ಬಣ್ಣ ಹಾಕಿ ನೋಡಿದರೆ ಒಡಲ ತುಂಬ ಕೆಂಪು ಕೊಬ್ಬಿನ ಹನಿಗಳು. ನಾನು ಅತ್ತೆ.

ಅಕ್ಕನಿಗೆ ತಿಳಿಸಿದಾಗ ಅವಳು ದಿಂಬಿಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಸಾಯೋರಿಗೂ ಉಣ್ಸ್ತಾರೆ ಅಂದ್ರೆ, ಅವ್ರನ್ನ ಒಂದ್ಸಲ ಇಲ್ಲಿಗೂ ಕಳ್ಸೇ," ಎಂದಳು. ನನ್ನ ಪ್ರಯೋಗ ಗೆದ್ದು, ಅದು ಔಷಧಿಯಾಗಿ, ಅವಳವರೆಗೆ ಬರುವಷ್ಟು ಕಾಲ ಅವಳ ಬಳಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಭಯ ನನಗಿದೆ, ಅವಳಿಗೂ ಇದೆ.

ಆದಕಾರಣ ತಮ್ಮಲ್ಲಿ ಪ್ರಾರ್ಥನೆ: ಬರುವ ಸೋಮವಾರ ಮತ್ತೆ ಆರಂಭವಾಗುವ ಉಪವಾಸವನ್ನು ದಯವಿಟ್ಟು ಶ್ರದ್ಧೆಯಿಂದ ಆಚರಿಸಬೇಕು, ಯಾರಾದರೂ ಕರುಣಾಳುಗಳು ಬಡಿಸಲು ಬಂದರೆ ಹೊಟ್ಟೆ ತುಂಬಿದೆಯೆಂದು ಮರ್ಯಾದೆಯಿಂದ ನಿರಾಕರಿಸಬೇಕು, ಮತ್ತು ತಮ್ಮಲ್ಲಿ ಇಷ್ಟೊಂದು ಧಾರಾಳವಾಗಿರುವ ಹಸಿವಿನಲ್ಲಿ ಒಂದಿಷ್ಟನ್ನು ಅಕ್ಕನಿಗೆ ದಾನ ಮಾಡಬೇಕು.

ಸೋಮವಾರದವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಬಡಿಸುವವಳು

ವಿ.ಸೂ.: ಅನ್ನದಾತರು ನಿನ್ನೆ ಮನೆಗೆ ಬಂದಿದ್ದರು. ಏನೂ ಬಲವಂತ ಮಾಡದೆ ಸೂಪಿನ ಬಟ್ಟಲು ಹಿಡಿದು ಸುಮ್ಮನೆ ಪಕ್ಕದಲ್ಲಿ ಕೂತರು. ಅಕ್ಕ ಅರ್ಧ ಬಟ್ಟಲು ಕುಡಿದಳು. ಅವಳ ಎದೆಯಲ್ಲಿರುವ ತಮ್ಮವರಿಗೆ ತಿಳಿಸಿಬಿಡಿ, ಅದು ಅವಳ ಊಟ.