ಮಂಗಳವಾರ ಹನ್ನೊಂದು ಗಂಟೆಯ ಸೊಸೆ

ಮನಸ್ಸಿನ ಕಷ್ಟ ಕೇಳೋದು ನನ್ನ ಕೆಲಸ. ಕೋಲಾರದಲ್ಲಿ ಒಂದು ಬಾಡಿಗೆ ರೂಮು, ನಾಲ್ಕು ಕುರ್ಚಿ, ಗೋಡೆ ಮೇಲೆ ನಿಯಮಗಳ ಬೋರ್ಡು. ಆ ಬೋರ್ಡನ್ನ ಇವತ್ತಿನವರೆಗೆ ಓದಿದೋಳು ನಾನೊಬ್ಬಳೇ ಅಂತ ಕಾಣುತ್ತೆ. ಇಲ್ಲದಿದ್ರೆ ವಾರಕ್ಕೊಂದು ಸಲ ನನ್ನ ಬಿ.ಪಿ. ಯಾಕೆ ಏರ್ತಿತ್ತು? ಒಂದೇ ಮನೆಯವರದು ಹೇಳ್ತೀನಿ, ಸಾಕು. ಬೈರಕೂರು ಕಡೆಯವರು ಅಂತ ಇಟ್ಕೊಳ್ಳಿ. ಊರು ಬದಲಾಯಿಸಿದ್ದೀನಿ, ಹುಡುಕ್ಕೊಂಡು ಹೋಗ್ಬೇಡಿ.

ಒಳಗೆ ಒಬ್ಬರೇ ಬರಬೇಕು

ಆ ಮನೆ ಸೊಸೆಗೆ ತಾಯಿ ತೀರಿಕೊಂಡು ಆರು ತಿಂಗಳಾದ್ರೂ ನಿದ್ದೆ ಇಲ್ಲ, ಊಟ ಸೇರಲ್ಲ. ಅವಳಿಗೆ ಬೇಕಾಗಿದ್ದು ಯಾರೂ ಅಡ್ಡಬಾಯಿ ಹಾಕದೆ ಮಾತಾಡೋಕೆ ವಾರಕ್ಕೆ ಒಂದೇ ಒಂದು ಗಂಟೆ. ಬಂದಿದ್ದು ಐದು ಜನ! ಅವಳು, ಗಂಡ, ಅತ್ತೆ, ಓರಗಿತ್ತಿ, ಪಕ್ಕದ್ಮನೆಯವರು.

"ಪಕ್ಕದ್ಮನೆಯವರು ಯಾಕಮ್ಮಾ?"

"ಕಾರು ಅವರದು ಮೇಡಂ" ಅಂದ್ರು ಅತ್ತೆ.

"ನಿದ್ದೆ ಬರುತ್ತೇನಮ್ಮಾ?" ಅಂತ ಸೊಸೇನ ಕೇಳಿದೆ. "ಎಲ್ಲಿ ಬರುತ್ತೆ!" ಅಂದ್ರು ಅತ್ತೆ. "ಅಳು ಬರುತ್ತಾ?" "ಸುಮ್‌ಸುಮ್ನೆ ಬರುತ್ತೆ" ಅಂದ್ರು ಅತ್ತೆ. ನನಗೆ ರೇಗಿಹೋಯ್ತು. ಎಲ್ಲರನ್ನೂ ಆಚೆ ಕಳಿಸಿ ಚಿಲಕ ಹಾಕಿದೆ. ಆಗ ಸೊಸೆ ಬಾಯಿ ಬಿಟ್ಟಳು.

ಕಿಟಕಿಯಿಂದ ಅತ್ತೆ ಧ್ವನಿ ಬಂತು: "ಜೋರಾಗಿ ಹೇಳೇ, ಇಲ್ಲಿಗೆ ಕೇಳಿಸ್ತಿಲ್ಲ!"

ಹೇಳಿದ್ದು ಗುಟ್ಟಾಗಿರುತ್ತೆ

ಮೂರನೇ ವಾರ ಗಂಡ ಒಬ್ಬನೇ ಬಂದ. "ಇಷ್ಟು ದಿನ ಏನೇನ್ ಹೇಳಿದ್ಳು, ಸ್ವಲ್ಪ ಬರೆದುಕೊಡಿ ಮೇಡಂ."

"ಕೊಡಲ್ಲ."

"ರಕ್ತ ಪರೀಕ್ಷೆ ಮಾಡ್ಸಿದ್ರೂ ರಿಪೋರ್ಟ್ ಕೊಡ್ತಾರೆ. ನಿಮ್ಮತ್ರ ಎಂಟುನೂರು ಕೊಟ್ರೂ ರಿಪೋರ್ಟಿಲ್ಲ, ಮಾತ್ರೆ ಇಲ್ಲ. ಒಂದು ಇಂಜೆಕ್ಷನ್ನಾದ್ರೂ ಹಾಕ್ಬಾರ್ದಾ?"

ಮೈ ಉರಿದುಹೋಯ್ತು. ಹೆಂಡ್ತಿ ಮನಸ್ಸನ್ನ ಏನಂದ್ಕೊಂಡಿದಾನೆ ಈ ಮನುಷ್ಯ? "ಅಷ್ಟು ತಿಳ್ಕೋಬೇಕು ಅಂದ್ರೆ ಮನೇಲಿ ಅವಳನ್ನೇ ಕೇಳ್ರೀ" ಅಂದೆ.

ಅವನು ನಿಜವಾಗ್ಲೂ ಹೆದರಿದ. "ಅಯ್ಯಯ್ಯೋ, ಕೇಳಿದ್ಮೇಲೆ ಅವಳು ಹೇಳಿಬಿಟ್ರೆ?"

ಬರದಿದ್ರೂ ಫೀಸು ಕಟ್ಟಬೇಕು

ಬರೋಕಾಗಲ್ಲ ಅಂತ ಹಿಂದಿನ ದಿನವೇ ತಿಳಿಸಬೇಕು, ಇಲ್ಲಾಂದ್ರೆ ಫೀಸು ಕಟ್ಟಲೇಬೇಕು. ಒಂದು ಮಂಗಳವಾರ ಹನ್ನೊಂದಕ್ಕೆ ಬಾಗಿಲು ತೆಗೆದ್ರೆ ಸೊಸೆ ಇಲ್ಲ, ಅತ್ತೆ ಕೂತಿದಾರೆ.

"ಟೊಮೊಟೊ ಬಿಡಿಸೋದಿತ್ತು. ನನ್ನ ಸೊಂಟ ಬಗ್ಗಲ್ಲ, ಅವಳನ್ನ ತೋಟಕ್ಕೆ ಕಳಿಸ್ದೆ. ದುಡ್ಡು ದಂಡ ಆಗ್ಬಾರ್ದಲ್ಲ, ಅವಳ ಬದಲು ನಾನು ಬಂದೆ."

"ಒಬ್ಬರ ಬದಲು ಇನ್ನೊಬ್ಬರು ಆಳಾಗಿ ಬರೋಕೆ ಇದೇನು ಪೈರು ನಾಟಿನಾ? ಅವಳ ದುಃಖ ನಿಮ್ಮ ಬಾಯಲ್ಲಿ ಹೇಗಮ್ಮಾ ಹೇಳಿಸ್ಲಿ?" ಅಂತ ಕೂಗಾಡಿಬಿಟ್ಟೆ. ಆ ಹುಡುಗಿಗೆ ಇದ್ದ ಒಂದು ಗಂಟೇನೂ ಕಿತ್ಕೊಂಡ್ರಲ್ಲಾ ಅಂತ ಹೊಟ್ಟೆ ಉರೀತು.

"ಪರ್ವಾಲೇದಮ್ಮಾ, ಸುಮ್ನೆ ಕೂತಿರ್ತೀನಿ. ಗಂಟೆ ಆಗ್ಲಿ, ಹೋಗ್ತೀನಿ" ಅಂತ ಕುರ್ಚಿ ಮೇಲೆ ಕಾಲು ಮಡಚಿ ಕೂತ್ರು. ನಾನು ಮೂತಿ ತಿರುಗಿಸ್ಕೊಂಡು ಹಳೇ ಫೈಲು ಜೋಡಿಸೋಕೆ ಹೋದೆ. ಆಮೇಲೆ ಅದೇನಾಯ್ತೋ, ಅವರೇ ಮಾತು ಶುರು ಮಾಡಿದ್ರು. ಸೆರಗಲ್ಲಿ ಕಣ್ಣು ಒರೆಸ್ಕೊಂಡ್ರು, ಮತ್ತೆ ಹೇಳಿದ್ರು. ಏನ್ ಹೇಳಿದ್ರು ಅಂತ ನನ್ನ ಕೇಳ್ಬೇಡಿ. ನಲವತ್ತು ವರ್ಷದಿಂದ ಆ ಹೆಂಗಸನ್ನ ಯಾರೂ ಏನೂ ಕೇಳಿರಲಿಲ್ಲ, ಅಷ್ಟೇ.

ಗಂಟೆ ಮುಗಿದು ಇನ್ನೂ ಕಾಲು ಗಂಟೆ ಆದ್ಮೇಲೆ ಎದ್ರು. "ಮುಂದಿನ ಮಂಗಳವಾರ ಅವಳೇ ಬರ್ತಾಳೆ. ಇನ್ಮೇಲೆ ಅವಳ ಗಂಟೆ ನಾನು ಮುಟ್ಟಲ್ಲ, ನನ್ನಾಣೆ" ಅಂದ್ರು. ನನ್ನ ಸಿಟ್ಟು ಜರ್ರನೆ ಇಳೀತು.

ಬಾಗಿಲ ಹತ್ರ ಹೋಗಿ, ಆಚೆ ಈಚೆ ನೋಡಿ, ಮೆಲ್ಲಗೆ ಅಂದ್ರು: "ನಂಗೆ ಬುಧವಾರ ಕೊಡಮ್ಮಾ, ಒಬ್ಳೇ ಬರ್ತೀನಿ. ಇವತ್ತು ಬರೀ ನಮ್ಮತ್ತೆ ವಿಷಯ ಆಯ್ತು. ಸೊಸೆ ವಿಷಯ ಇನ್ನೂ ಶುರುನೇ ಮಾಡಿಲ್ಲ!"