ಸುವಾರ್ತೆ ಹೇಳಲು ಬಾರದ ಮಾವ

ಚನ್ನಗಿರಿ ತಾಲ್ಲೂಕಿನಲ್ಲಿ ನಮ್ಮ ಸೋದರಮಾವನಷ್ಟು ಕೆಟ್ಟ ಸುವಾರ್ತಿಕ ಇನ್ನೊಬ್ಬರಿಲ್ಲ! ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದ ಮೇಲೆ, ಯೇಸುವಿನ ವಿಷಯ ನಾಲ್ಕು ಜನಕ್ಕೆ ತಿಳಿಸುತ್ತೇನೆಂದು ಹೊರಟವರು. ಇಲ್ಲಿಯವರೆಗೆ ಚರ್ಚಿಗೆ ಒಂದು ನರಪಿಳ್ಳೆಯನ್ನೂ ಹೊಸದಾಗಿ ಕರೆತಂದಿಲ್ಲ.

ತರುವುದಾದರೂ ಹೇಗೆ? ಒಮ್ಮೆ ಚರ್ಚಿನವರೊಂದಿಗೆ ಗೋವಿನಕೋವಿ ಎಂಬ ಹಳ್ಳಿಗೆ ಹೋದರು. ಉಳಿದವರು ಮನೆಮನೆಗೆ ಕರಪತ್ರ ಹಂಚಿದರೆ, ಮಾವ ಮೊದಲ ಮನೆಯ ಜಗಲಿಯಲ್ಲೇ ಕೂತು, ಕಣ್ಣು ಕಾಣದ ಅಜ್ಜಿಯೊಬ್ಬರ ಉಗುರು ಕತ್ತರಿಸುತ್ತ ಮಧ್ಯಾಹ್ನ ಕಳೆದರು.

"ಅವರಿಗೆ ಏನ್ ಹೇಳಿದ್ರಿ?" ಪಾಸ್ಟರು ಕೇಳಿದರು.

"ನಾನೆಲ್ಲಿ ಹೇಳ್ಲಿ? ಅವರೇ ನಾಲ್ಕು ಹೆರಿಗೆ ಕಥೆ ಹೇಳಾಕೆ ಶುರು ಮಾಡಿದ್ರು. ಮೂರನೇದು ಮುಗಿಯೋದ್ರೊಳಗೆ ಬಸ್ ಬಂತು!"

ಕುಡಿದು ಬಿದ್ದವರನ್ನೂ ಮಾವ "ಏಳ್ರಿ ಸ್ವಾಮಿ" ಎಂದೇ ಎಬ್ಬಿಸುತ್ತಾರೆ. ದೇವರು ತನ್ನ ಹೋಲಿಕೆಯಲ್ಲಿ ಉಂಟುಮಾಡಿದವರನ್ನು ಏಕವಚನದಲ್ಲಿ ಕರೆಯಬಾರದಂತೆ. ಜಗಳದಲ್ಲಿ ಅತ್ತೆಗೂ ಬಹುವಚನ! ಹೀಗಾದರೆ ಜಗಳ ಮುಂದುವರಿಸುವುದು ಹೇಗೆಂಬುದು ಅತ್ತೆಯ ಗೋಳು.

ಹೋದ ವರ್ಷ ಬಸ್ ಸ್ಟ್ಯಾಂಡಿನ ಗೋಡೆಯ ಪಕ್ಕ ಒಬ್ಬ ಬಂದು ಬಿದ್ದ. ಸಕ್ಕರೆ ಕಾಯಿಲೆಯಿಂದ ಪಾದ ಕೊಳೆತು ಹುಳ ಬಿದ್ದಿತ್ತು. ಜನ ಮೂಗು ಮುಚ್ಚಿಕೊಂಡು, "ಲೇ ಕುಂಟ, ಆಚೆ ಹೋಗು" ಅನ್ನುತ್ತಿದ್ದರು. ಮಾವ ಪಕ್ಕದಲ್ಲಿ ಕೂತು, "ನಿಮ್ಮ ಹೆಸರೇನ್ರಿ?" ಎಂದರು.

ಅವನು ಗೋಡೆಗೊರಗಿ ಎದ್ದು ಕೂತ. "ತಿಪ್ಪೇಸ್ವಾಮಿ. ಜಗಳೂರು ಕಡೆಯವನು."

ಕಾಲು ಕಡಿಯುತ್ತಾರೆಂಬ ಭಯಕ್ಕೆ ಅವನು ಆಸ್ಪತ್ರೆಗೆ ಒಪ್ಪಲಿಲ್ಲ. ಮಾವ ದಿನವೂ ಹೋಗಿ ಗಾಯ ತೊಳೆದರು. ಅತ್ತೆಯ ಹಳೇ ಸೀರೆಗಳೆಲ್ಲ ಬ್ಯಾಂಡೇಜಾದವು. ಕೊನೆಗೆ ಒಪ್ಪಿ ಆಸ್ಪತ್ರೆ ಸೇರುವಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು.

ನಾನು ಆಸ್ಪತ್ರೆಗೆ ಗಂಜಿ ತೆಗೆದುಕೊಂಡು ಹೋಗಿದ್ದ ದಿನ ಅವನು ಮಾವನ ಕೈ ಹಿಡಿದುಕೊಂಡ. "ನಿಮ್ಮ ಯೇಸುಗೆ ಸೇರ್ತೀನ್ರಿ. ಏನ್ ಮಾಡಬೇಕು ಹೇಳ್ರಿ."

"ಕಾಲು ತೊಳೆದಿದ್ದಕ್ಕಾ?"

"ಮತ್ತೆ ನಿಮಗೆ ಕೊಡಾಕೆ ನನ್ನತ್ರ ಇನ್ನೇನೈತ್ರಿ?"

ಮಾವನ ಮುಖ ಕಂದಿತು. "ಏನೂ ಕೊಡಬ್ಯಾಡ್ರಿ. ಹುಷಾರಾಗ್ರಿ, ಆಮೇಲೆ ಕುಂತು ಮಾತಾಡೋಣ. ಬ್ಯಾಡ ಅನ್ಸಿದ್ರೆ ನನ್ನ ಮುಖಕ್ಕೇ ಬ್ಯಾಡ ಅನ್ನೋ ಹಂಗಿರಬೇಕು ನೀವು."

ಅವನು ಹುಷಾರಾಗಲಿಲ್ಲ. ಎರಡು ದಿನಕ್ಕೆ ತೀರಿಕೊಂಡ.

"ಒಂದು ಆತ್ಮ ಕೈತಪ್ಪಿ ಹೋಯ್ತಲ್ರಿ!" ಎಂದರು ಪಾಸ್ಟರು. ಮಾವ ತಿಪ್ಪೇಸ್ವಾಮಿಯ ಅಣ್ಣನನ್ನು ಹುಡುಕಿ, ಶವದ ಜೊತೆ ಅವನೂರಿಗೆ ಹೋದರು. ನಾನೂ ಹೋದೆ. ಅವರ ಪದ್ಧತಿಯಂತೆ ಮಣ್ಣು ಮಾಡಿದರು. ಮಾವನೂ ಒಂದು ಹಿಡಿ ಮಣ್ಣು ಹಾಕಿದರು.

ವಾಪಸ್ ಬರುವ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಅತ್ತುಬಿಟ್ಟರು. "ಹೇಳ್ಬೇಕು ಅಂತ ನನಗೆ ಎಷ್ಟು ಆಸೆ ಇತ್ತು ಗೊತ್ತೇನವ್ವಾ? ಮಾತು ಬಾಯಿಗೆ ಬಂದಿತ್ತು. ಆದ್ರೆ ಇಲ್ಲ ಅನ್ನಾಕೆ ಆಗದಿರೋ ಮನುಷ್ಯನಿಗೆ ಹೆಂಗೆ ಹೇಳ್ಲಿ? ತಪ್ಪು ಮಾಡಿದ್ನಾ?"

ನಾನು ಒದ್ದೆಯಾಗಿದ್ದ ಅವರ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮೆಲ್ಲಗೆ ಮತ್ತೆ ಅವರ ಕಿವಿಗೇರಿಸಿದೆ.